ಆಸ್ಟ್ರೇಲಿಯ ಖಂಡ, ಗ್ರೀನ್‌ಲ್ಯಾಂಡ್ ದ್ವೀಪ: ನಡುವಿನ ಗೆರೆ ಎಲ್ಲುಂಟು?

ಪೆರ್ಡಾಲದ ಅಪ್ಪ
ಶನಿವಾರ, ರಾತ್ರಿ 9:12

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಎಷ್ಟು ಸಲ ಬಿಡಬೇಕು ಅಂತ ಕೇಳಿ ಇಲ್ಲಿ ಎಲ್ಲರ ತಲೆ ತಿಂದವ ನಾನೇ. ಇವತ್ತು ತೋಟದ ವಿಷಯ ಅಲ್ಲ. ಮಗಳ ವಿಷಯ.

ಆರನೇ ಕ್ಲಾಸು, ಕೇರಳದಲ್ಲಿರುವ ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮ. ಸಮಾಜ ಪಾಠದಲ್ಲಿ ಸುತ್ತ ನೀರಿದ್ದರೆ ದ್ವೀಪ ಅಂತ ಬಂದಿದೆ. ಮೊನ್ನೆ ಸಂಜೆ ನಾನು ಅಡಿಕೆ ಸುಲಿಯುತ್ತಾ ಕೂತಿದ್ದಾಗ ಬಂದು ಕೇಳಿದಳು: "ಆಸ್ಟ್ರೇಲಿಯಕ್ಕೂ ಸುತ್ತ ನೀರೇ ಅಲ್ವಾ ಅಪ್ಪ? ಅದು ಖಂಡ ಹೇಗೆ?" ದೊಡ್ಡದಲ್ವಾ ಮಗಾ, ಅದಕ್ಕೆ ಅಂದೆ. "ಗ್ರೀನ್‌ಲ್ಯಾಂಡ್ ಸಹ ದೊಡ್ಡದೇ. ಕ್ಲಾಸಿನ ಗೋಡೆಯ ಮ್ಯಾಪಲ್ಲಿ ಆಫ್ರಿಕದಷ್ಟೇ ಕಾಣ್ತದೆ." ನನಗೆ ಬಾಯಿ ಬರಲಿಲ್ಲ. ಅಷ್ಟಕ್ಕೇ ಬಿಡುವ ಜಾತಿ ಅಲ್ಲ ಅವಳು. "ಎಷ್ಟು ದೊಡ್ಡದಾದ್ರೆ ಖಂಡ? ಒಂದು ಲೆಕ್ಕ ಬೇಡ್ವಾ? ಅಡಿಕೆಗೆ ಜರಡಿ ಉಂಟಲ್ಲ, ಹಾಗೆ."

ಟೀಚರ್ ಹತ್ರ ಕೇಳು ಅಂತ ದಾಟಿಸಿದೆ. ಟೀಚರೂ ದೊಡ್ಡದು ಖಂಡ, ಚಿಕ್ಕದು ದ್ವೀಪ ಅಂತಲೇ ಹೇಳಿದ್ದಾರಂತೆ. ಗೊತ್ತಿದ್ದವರು ಹೇಳಿ ಮಾರಾಯ್ರೆ. ಜರಡಿ ಉಂಟಾ ಇಲ್ವಾ?

ಉಪ್ಪಳ ಟು ದುಬೈ
ಶನಿವಾರ, ರಾತ್ರಿ 9:40

ಸುಲಭ ಅಣ್ಣಾ. ಯಾವುದಕ್ಕೆ ಸ್ವಂತ ಭೂಫಲಕ, ಅಂದರೆ ಭೂಮಿಯ ಚಿಪ್ಪಿನ ಸರಿಯುವ ದೊಡ್ಡ ಹಲಗೆ, ಉಂಟೋ ಅದು ಖಂಡ. ಆಸ್ಟ್ರೇಲಿಯಕ್ಕೆ ಸ್ವಂತದ್ದು ಉಂಟು. ಗ್ರೀನ್‌ಲ್ಯಾಂಡ್ ಉತ್ತರ ಅಮೆರಿಕದ ಫಲಕದ ಮೇಲೆ ಬಾಡಿಗೆಗೆ ಕೂತದ್ದು. ಮುಗಿಯಿತು.

ಮುಳ್ಳೇರಿಯ ಮಾಷ್ಟ್ರು (ನಿವೃತ್ತ)
ಶನಿವಾರ, ರಾತ್ರಿ 10:25

ಮೂವತ್ತು ವರ್ಷ ಇದೇ ಪಾಠ ಮಾಡಿದವನು ನಾನು. ಟೀಚರ್ ಹೇಳಿದ್ದು ತಪ್ಪಲ್ಲ. ನಾನೂ ಅದನ್ನೇ ಹೇಳುತ್ತಿದ್ದೆ, ಮಕ್ಕಳು ಇಷ್ಟು ಕೇಳುತ್ತಿರಲಿಲ್ಲ ಅಷ್ಟೆ.

ಮೊದಲು ಮ್ಯಾಪಿನ ಮೋಸ. ಗೋಡೆಯ ಮೇಲೆ ನೇತಾಡುವುದು ಹೆಚ್ಚಾಗಿ ಮರ್ಕೇಟರ್ ನಕ್ಷೆ. ಧ್ರುವದ ಕಡೆಗೆ ಹೋದಷ್ಟೂ ಅದರಲ್ಲಿ ನೆಲ ಉಬ್ಬುತ್ತದೆ. ನಿಜವಾಗಿ ಗ್ರೀನ್‌ಲ್ಯಾಂಡ್ ಸುಮಾರು 21.66 ಲಕ್ಷ ಚದರ ಕಿಲೋಮೀಟರ್, ಆಫ್ರಿಕ 3 ಕೋಟಿಗಿಂತ ಮೇಲೆ. ಹದಿನಾಲ್ಕು ಪಟ್ಟು! ಮಗುವಿಗೆ ಒಂದು ಗ್ಲೋಬು ತೆಗೆದುಕೊಡಿ, ಇಲ್ಲವೇ ಒಂದು ಮೂಸಂಬಿ ಸುಲಿದು ಸಿಪ್ಪೆಯನ್ನು ಮೇಜಿನ ಮೇಲೆ ಚಪ್ಪಟೆ ಮಾಡಲು ಹೇಳಿ. ಗೊತ್ತಾಗುತ್ತದೆ.

ಇನ್ನು ಆಸ್ಟ್ರೇಲಿಯ ಸುಮಾರು 76 ಲಕ್ಷ. ಅಂದರೆ ಅತಿ ಚಿಕ್ಕ ಖಂಡವೇ ಅತಿ ದೊಡ್ಡ ದ್ವೀಪದ ಮೂರೂವರೆ ಪಟ್ಟು. ನಡುವೆ ಇಷ್ಟು ದೊಡ್ಡ ಅಂತರ ಇದ್ದ ಕಾರಣ ಗೆರೆ ಎಲ್ಲಿ ಎಳೆಯಬೇಕು ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎಲ್ಲಿ ಎಳೆದರೂ ಆಸ್ಟ್ರೇಲಿಯ ಆಚೆ, ಗ್ರೀನ್‌ಲ್ಯಾಂಡ್ ಈಚೆ.

ಖಂಡಗಳು ಏಳು ಅನ್ನುವುದೂ ನಮ್ಮ ಪುಸ್ತಕದ ಲೆಕ್ಕ. ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ಎರಡೂ ಅಮೆರಿಕ ಸೇರಿ ಒಂದೇ ಖಂಡ ಅಂತ ಕಲಿಸುತ್ತಾರೆ. ಕೆಲವರು ಯುರೋಪು ಏಷ್ಯಾ ಸೇರಿಸಿ ಯುರೇಷಿಯ ಎನ್ನುತ್ತಾರೆ. ಯುರೋಪಿಗೂ ಏಷ್ಯಾಕ್ಕೂ ನಡುವೆ ಸಮುದ್ರವೇ ಇಲ್ಲ, ಉರಲ್ ಬೆಟ್ಟ ಮಾತ್ರ. ಆ ಬೆಟ್ಟವನ್ನು ಗಡಿ ಮಾಡಬೇಕು ಅಂತ 18ನೇ ಶತಮಾನದಲ್ಲಿ ವಾದಿಸಿದ್ದು ತತಿಶ್ಚೇವ್ ಎಂಬ ರಷ್ಯದ ಅಧಿಕಾರಿ. ಗಡಿ ಎಳೆಯುವವರಿಗೆ ಬೆಟ್ಟವೋ ಹೊಳೆಯೋ ಒಂದು ಸಿಕ್ಕಿದರೆ ಸಾಕು. ಚಂದ್ರಗಿರಿ ಹೊಳೆಯ ಆಚೆ ಈಚೆ ಇರುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕಲ್ಲು ಕುಟ್ಟುವವಳು
ಶನಿವಾರ, ರಾತ್ರಿ 11:50

ಮಂಜೇಶ್ವರದವಳು, ಓದಿದ್ದು ಭೂವಿಜ್ಞಾನ. ನಿದ್ದೆ ಬರುತ್ತಾ ಇತ್ತು, ಈ ಚರ್ಚೆ ನೋಡಿ ಹಾರಿಹೋಯಿತು.

ದುಬೈ ಅಣ್ಣ, ಫಲಕದ ಲೆಕ್ಕ ನಿಲ್ಲುವುದಿಲ್ಲ. ನೀವು ಈಗ ಕೂತಿರುವ ಅರೇಬಿಯಕ್ಕೂ ಸ್ವಂತ ಫಲಕ ಉಂಟು, ಅದನ್ನು ಖಂಡ ಅಂತೀರಾ? ಭಾರತಕ್ಕೂ ಉಂಟು. ಇನ್ನು ಪೆಸಿಫಿಕ್ ಫಲಕ ಎಲ್ಲಕ್ಕಿಂತ ದೊಡ್ಡದು, ಅದರ ಮೇಲೆ ಇಡೀ ಖಂಡ ಒಂದೂ ಇಲ್ಲ, ಹೆಚ್ಚಾಗಿ ಕಡಲೇ.

ಸುತ್ತ ಏನುಂಟು ಅಂತ ನೋಡಿದರೆ ಉತ್ತರ ಸಿಗುವುದಿಲ್ಲ. ಅಡಿಯಲ್ಲಿ ಏನುಂಟು ಅಂತ ನೋಡಬೇಕು. ಭೂಮಿಯ ಮೇಲಿನ ಚಿಪ್ಪಿನಲ್ಲಿ ಎರಡು ಜಾತಿ. ಒಂದು ಕಡಲ ತಳದ್ದು: ಬಸಾಲ್ಟ್ ಎಂಬ ಕಪ್ಪು ಭಾರದ ಶಿಲೆ, ದಪ್ಪ ಬರೀ ಆರೇಳು ಕಿಲೋಮೀಟರ್. ಇನ್ನೊಂದು ಖಂಡದ್ದು: ಗ್ರಾನೈಟಿನ ಹತ್ತಿರದ ಹಗುರ ಶಿಲೆಗಳು, ದಪ್ಪ ಸರಾಸರಿ ಮೂವತ್ತೈದು ನಲವತ್ತು ಕಿಲೋಮೀಟರ್. ಗಂಜಿಯ ತೆಳಿ ಆರಿದಾಗ ಮೇಲೆ ಕೆನೆ ಕಟ್ಟುತ್ತದಲ್ಲ, ಖಂಡ ಅಂದರೆ ಆ ಕೆನೆ. ಹಗುರ ಇದ್ದದ್ದರಿಂದ ಮುಳುಗುವುದಿಲ್ಲ. ಹಳತಾಗುತ್ತಾ ಹೋಗುತ್ತದೆ. ಕಡಲ ತಳ ಹಾಗಲ್ಲ. ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಭೂಮಿಯೊಳಗೆ ಇಳಿದು ಕರಗುತ್ತಲೇ ಇರುತ್ತದೆ. ಅದಕ್ಕೇ ಮಹಾಸಾಗರಗಳ ತಳದಲ್ಲಿ 20 ಕೋಟಿ ವರ್ಷಕ್ಕಿಂತ ತುಂಬಾ ಹಳೆಯ ಕಲ್ಲು ಸಿಗುವುದು ಕಷ್ಟ, ಖಂಡಗಳಲ್ಲಿ 400 ಕೋಟಿ ವರ್ಷದ ಕಲ್ಲು ಸಿಕ್ಕಿದೆ.

ಹಾಗಾಗಿ ಖಂಡ ಮುಗಿಯುವುದು ಕಡಲ ಕರೆಯಲ್ಲಿ ಅಲ್ಲ. ಉಪ್ಪಳದ ಹೊಯ್ಗೆಯ (ಮರಳಿನ) ಮೇಲೆ ನಿಂತರೆ ಮುಂದೆ ಕಾಣುವ ನೀರಿನ ಅಡಿಯಲ್ಲೂ ಹತ್ತಾರು ಕಿಲೋಮೀಟರ್ ದೂರ ಖಂಡವೇ ಉಂಟು, ಸ್ವಲ್ಪ ತಗ್ಗಿದೆ ಅಷ್ಟೆ. ನಮ್ಮವರು ಮೀನು ಹಿಡಿಯುವುದು ಹೆಚ್ಚಾಗಿ ಆ ತಗ್ಗಿನ ಮೇಲೆ. ಅಲ್ಲಿಂದಾಚೆ ಒಮ್ಮೆಲೇ ಆಳ.

ಬೋರಿನ ಬಾಬು
ಭಾನುವಾರ, ಬೆಳಿಗ್ಗೆ 6:30

ಅಕ್ಕ ಹೇಳಿದ್ದು ಸರಿ ಅಂತ ಕಾಣ್ತದೆ. ಹದಿನೈದು ವರ್ಷ ಬೋರ್‌ವೆಲ್ ಗಾಡಿಯಲ್ಲಿ ಇದ್ದೆ. ನಮ್ಮಲ್ಲಿ ಮೇಲೆ ಕೆಂಪುಕಲ್ಲು, ಅದರಡಿಗೆ ಶೇಡಿ ಮಣ್ಣು, ಅಲ್ಲಿಗೆ ಕೇಸಿಂಗ್ ಇಳಿಸಿ ಆಮೇಲೆ ಕರಿಕಲ್ಲು. ಐನೂರು ಅಡಿ ಹೋಗ್ಲಿ, ಆರುನೂರು ಹೋಗ್ಲಿ, ಕಲ್ಲು ಮುಗಿಯುವುದು ಅಂತ ಇಲ್ಲ. ಬೂದಿ ಬಣ್ಣದ ಪುಡಿ ಹಾರ್ತಾನೇ ಇರ್ತದೆ. ಜಾಗದ ಯಜಮಾನ ಹತ್ರ ನಿಂತು "ಇನ್ನೊಂದು ಐವತ್ತು ಅಡಿ ಹೋಗುವಾ ಬಾಬು" ಅಂತ ಹೇಳ್ತಾ ಇರ್ತಾರೆ. ಖಂಡದ ದಪ್ಪ ಎಷ್ಟು ಅಂತ ಅವರಿಗೆ ಆಗಲೇ ಹೇಳ್ಬಹುದಿತ್ತು.

ಕಲ್ಲು ಕುಟ್ಟುವವಳು
ಭಾನುವಾರ, ಬೆಳಿಗ್ಗೆ 9:05

ಹಹ್ಹ, ಬಾಬಣ್ಣ, ಇನ್ನೂ ಮೂವತ್ತೈದು ಕಿಲೋಮೀಟರ್ ಕೊರೆದರೆ ಮುಗಿಯಬಹುದು. ಬಿಲ್ ಯಾರು ಕೊಡ್ತಾರೆ ನೋಡಿ.

ಈಗ ಮಗಳ ಜರಡಿ ಪ್ರಶ್ನೆಗೆ ಬರುತ್ತೇನೆ. ಲೆಕ್ಕ ಒಂದುಂಟು, ತೀರಾ ಇತ್ತೀಚಿನದು. ನ್ಯೂಜಿಲೆಂಡಿನ ನಿಕ್ ಮಾರ್ಟಿಮರ್ ಮತ್ತು ಸಂಗಡಿಗರು 2017ರಲ್ಲಿ ಒಂದು ಪ್ರಬಂಧ ಬರೆದು ಜಿಲ್ಯಾಂಡಿಯ ಅನ್ನುವ ಖಂಡ ಉಂಟು ಅಂತ ವಾದಿಸಿದರು. ಸುಮಾರು 49 ಲಕ್ಷ ಚದರ ಕಿಲೋಮೀಟರ್, ಇಡೀ ಭಾರತ ದೇಶಕ್ಕಿಂತ ದೊಡ್ಡದು, ಆದರೆ 94 ಶೇಕಡ ನೀರಿನಡಿಯಲ್ಲಿ. ಮೇಲೆ ತಲೆ ಎತ್ತಿದ್ದು ಮುಖ್ಯವಾಗಿ ನ್ಯೂಜಿಲೆಂಡು, ನ್ಯೂ ಕ್ಯಾಲಿಡೋನಿಯ. ಅದನ್ನು ಖಂಡ ಅಂತ ಕರೆಯಬೇಕಾದರೆ ಅಳತೆ ಬೇಕಲ್ಲ? ಅವರು ಇಟ್ಟ ಅಳತೆ ಇದು: ಖಂಡದ ಜಾತಿಯ ಚಿಪ್ಪು ಆಗಿರಬೇಕು, ಹತ್ತು ಲಕ್ಷ ಚದರ ಕಿಲೋಮೀಟರಿಗಿಂತ ದೊಡ್ಡದಿರಬೇಕು, ಪಕ್ಕದ ಖಂಡದಿಂದ ಸ್ಪಷ್ಟವಾಗಿ ಬೇರೆಯಾಗಿರಬೇಕು.

ಗ್ರೀನ್‌ಲ್ಯಾಂಡ್ ಮೊದಲ ಎರಡರಲ್ಲಿ ಪಾಸು. ಅಲ್ಲಿಯ ಇಸುವಾ ಎಂಬಲ್ಲಿ 370 ಕೋಟಿ ವರ್ಷ ದಾಟಿದ ಕಲ್ಲುಗಳಿವೆ, ಖಂಡದ ಗುಣ ಅದಕ್ಕೆ ನೂರಕ್ಕೆ ನೂರು ಉಂಟು. ಮೂರನೆಯದರಲ್ಲಿ ಬಿದ್ದುಹೋಗುತ್ತದೆ. ಬಹಳ ಹಿಂದೆ ಅದು ಉತ್ತರ ಅಮೆರಿಕದಿಂದ ಕಿತ್ತುಕೊಳ್ಳಲು ಹೊರಟಿತ್ತು, ನಡುವೆ ಕಡಲೂ ಬಿಚ್ಚಿತ್ತು, ಆಮೇಲೆ ಅರ್ಧಕ್ಕೇ ನಿಂತಿತು. ಉತ್ತರದ ತುದಿಯಲ್ಲಿ ಕೆನಡಕ್ಕೂ ಅದಕ್ಕೂ ನಡುವೆ ಇರುವುದು ಒಂದು ಇಕ್ಕಟ್ಟಿನ ಜಲಸಂಧಿ. ಪಾಲು ಕೇಳಿ ಬೇರೆ ಒಲೆ ಹೂಡಿದ ತಮ್ಮ ಮತ್ತೆ ಅಣ್ಣನ ಅಡುಗೆಮನೆಗೇ ಬಂದ ಹಾಗೆ.

ಪೆರ್ಡಾಲದ ಅಪ್ಪ
ಭಾನುವಾರ, ಬೆಳಿಗ್ಗೆ 9:48

ಓಹೋ. ಹಾಗಾದರೆ ಜರಡಿ ಅಲ್ಲ. ಅಡಿಕೆಯಲ್ಲಿ ಪಟೋರ, ಕರಿಗೋಟು ಅನ್ನುವ ಕೀಳು ದರ್ಜೆ ಬೇರೆ ಮಾಡುವಾಗ ಮೇಲಿನ ಗಾತ್ರ ನೋಡಿದರೆ ಆಗುವುದಿಲ್ಲ, ಕತ್ತರಿಸಿ ಒಳಗೆ ನೋಡಬೇಕು, ಹಾಗೆ. ಇದು ನನಗೆ ತಲೆಗೆ ಹೋಯಿತು. ಮಗಳಿಗೆ ಓದಿ ಹೇಳಿದೆ. ಅವಳು ಹೇಳುವುದು: "ಹಾಗಾದ್ರೆ ಪುಸ್ತಕದಲ್ಲಿ ಯಾಕೆ ಹಾಗೆ ಬರೆದಿಲ್ಲ?"

ಕುಂಬ್ಳೆ ಸೀಮೆ ಭಟ್ರು
ಭಾನುವಾರ, ಮಧ್ಯಾಹ್ನ 1:20

ಒಂದು ಗಣಹೋಮ ಮುಗಿಸಿ ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಮೊಬೈಲು ನೋಡಿದೆ. ನೀವೆಲ್ಲ ಖಂಡ ದೊಡ್ಡದು, ದ್ವೀಪ ಚಿಕ್ಕದು ಅಂತ ಹಿಡಿದುಕೊಂಡಿದ್ದೀರಿ. ಬೆಳಿಗ್ಗೆಯಷ್ಟೇ ಸಂಕಲ್ಪದಲ್ಲಿ ನಾನು ಹೇಳಿದ್ದು ಉಲ್ಟಾ.

"ಜಂಬೂದ್ವೀಪೇ ಭರತವರ್ಷೇ ಭರತಖಂಡೇ." ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತಾ ಬರುವುದು ಸಂಕಲ್ಪದ ಕ್ರಮ, ಪೋಸ್ಟಿನ ವಿಳಾಸವನ್ನು ಕೆಳಗಿನಿಂದ ಓದಿದ ಹಾಗೆ. ಅಲ್ಲಿ ದ್ವೀಪ ಎಲ್ಲಕ್ಕಿಂತ ಮೇಲೆ. ಅದರೊಳಗೆ ವರ್ಷ. ವರ್ಷದೊಳಗೆ ಖಂಡ. ಖಂಡ ಅಂದರೆ ತುಂಡು ತಾನೆ? ಬೆಲ್ಲದ ಖಂಡ, ಕಲ್ಲುಸಕ್ಕರೆಯ ಖಂಡ. ದ್ವೀಪದ ಒಂದು ತುಂಡೇ ಖಂಡ.

ಪುರಾಣದ ಲೆಕ್ಕದಲ್ಲಿ ದ್ವೀಪಗಳು ಏಳು: ಜಂಬೂ, ಪ್ಲಕ್ಷ, ಶಾಲ್ಮಲಿ, ಕುಶ, ಕ್ರೌಂಚ, ಶಾಕ, ಪುಷ್ಕರ. ಒಂದೊಂದರ ಸುತ್ತ ಒಂದೊಂದು ಸಮುದ್ರ: ಉಪ್ಪು, ಕಬ್ಬಿನ ಹಾಲು, ಸುರೆ, ತುಪ್ಪ, ಮೊಸರು, ಹಾಲು, ಸಿಹಿನೀರು. ನಮಗೆ ಸಿಕ್ಕಿದ್ದು ಉಪ್ಪಿನದು.

ಮಗುವಿನ ಪ್ರಶ್ನೆಗೆ ನನ್ನ ಉತ್ತರ: ನಮ್ಮ ಹಿರಿಯರ ಮಾತಿನಲ್ಲಿ ಆಸ್ಟ್ರೇಲಿಯವೂ ದ್ವೀಪ, ಏಷ್ಯಾವೂ ದ್ವೀಪ. ಖಂಡ ಅನ್ನುವ ಮಾತನ್ನು ದೊಡ್ಡ ನೆಲಕ್ಕೆ ಅಂಟಿಸಿದ್ದು ಇಂಗ್ಲಿಷ್ ಭೂಗೋಳವನ್ನು ಕನ್ನಡಕ್ಕೆ ತಂದಾಗ ಇರಬೇಕು.

ಬದಿಯಡ್ಕ ಬಸ್‌ಸ್ಟ್ಯಾಂಡ್
ಭಾನುವಾರ, ಮಧ್ಯಾಹ್ನ 1:31

ಭಟ್ರೆ, ಆ ಮೂರನೇ ಸಮುದ್ರಕ್ಕೆ ಇಲ್ಲಿಂದ ಬಸ್ಸುಂಟಾ?

ಮುಳ್ಳೇರಿಯ ಮಾಷ್ಟ್ರು (ನಿವೃತ್ತ)
ಭಾನುವಾರ, ಮಧ್ಯಾಹ್ನ 3:10

ಭಟ್ರು ಒಳ್ಳೆಯ ಜಾಗಕ್ಕೆ ಕೈ ಹಾಕಿದರು. ಜಂಬೂದ್ವೀಪ ಬರೀ ಪುರಾಣದ ಮಾತಲ್ಲ. ಅಶೋಕ ತನ್ನ ಕಿರು ಬಂಡೆಶಾಸನದಲ್ಲಿ ಜಂಬೂದ್ವೀಪ ಅಂತಲೇ ಹೇಳುತ್ತಾನೆ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅದರ ಪಾಠ ಇದೆ.

ದ್ವೀಪ ಅನ್ನುವ ಶಬ್ದವನ್ನೇ ಬಿಡಿಸಿ ನೋಡಿ. ದ್ವಿ ಮತ್ತು ಅಪ್. ಎರಡು ಕಡೆ ನೀರು. ಸುತ್ತ ನೀರು ಅಂತಲ್ಲ! ಹೊಳೆಯ ನಡುವೆ ಮಣ್ಣು ಎದ್ದು ನೀರು ಎರಡು ಕವಲಾಗಿ ಹರಿಯುವುದನ್ನು ನೋಡಿದವರು ಮಾಡಿದ ಶಬ್ದ ಇರಬೇಕು ಅಂತ ನನಗೆ ಕಾಣುತ್ತದೆ. ಅದೇ ಅಪ್ ಶಬ್ದದಿಂದ ಅಂತರೀಪ, ಅದರಿಂದಲೇ ಸಮೀಪ. ನೀರಿನ ಹತ್ತಿರ ಇದ್ದದ್ದು ಸಮೀಪ.

ನಮ್ಮ ಮಕ್ಕಳಿಗೆ ಇನ್ನೊಂದು ಕಷ್ಟ ಇದೆ. ಮೂರು ಕಡೆ ನೀರಿದ್ದ ನೆಲಕ್ಕೆ ಕನ್ನಡದಲ್ಲಿ ನಾವು ಪರ್ಯಾಯ ದ್ವೀಪ ಅನ್ನುತ್ತೇವೆ. ಮಲಯಾಳದಲ್ಲಿ ಅದು ಉಪದ್ವೀಪ. ಖಂಡಕ್ಕೆ ಅವರಲ್ಲಿ ವನ್‌ಕರ ಅಂತ ಚೆಂದದ ಮಾತುಂಟು, ದೊಡ್ಡ ಕರೆ ಅಂತ ಅರ್ಥ. ಮಲಯಾಳದಲ್ಲಿ ಬರೆದ ಪಾಠ ಕನ್ನಡಕ್ಕೆ ಬರುವಾಗ ಯಾವುದೋ ಒಂದು ಶಬ್ದ ಹಾದಿ ತಪ್ಪುತ್ತದೆ. ಉಪದ್ವೀಪ ಅಂತ ಪಾಠದಲ್ಲಿ ಓದಿ ಅದು ಚಿಕ್ಕ ದ್ವೀಪ ಅಂತ ಉತ್ತರ ಬರೆದ ಹುಡುಗನಿಗೆ ನಾನೇ ಒಮ್ಮೆ ಸೊನ್ನೆ ಹಾಕಿದ್ದೆ. ಉಪನದಿ ಅಂದರೆ ಚಿಕ್ಕ ನದಿ, ಉಪದ್ವೀಪ ಅಂದರೆ ಚಿಕ್ಕ ದ್ವೀಪ ಅಲ್ಲದೆ ಮತ್ತೇನು ಅಂತ ಅವನು ಕೇಳಿದ. ಇವತ್ತಾದರೆ ಅರ್ಧ ಮಾರ್ಕು ಕೊಡುತ್ತಿದ್ದೆ.

ಬಂದರಿನ ಮೊಮ್ಮಗ
ಭಾನುವಾರ, ಸಂಜೆ 5:45

ವನ್‌ಕರ ಅಂತ ಓದಿ ಅಜ್ಜನ ನೆನಪಾಯಿತು.

ಅಜ್ಜನಿಗೆ ಮಂಗಳೂರು ಬಂದರಿನಲ್ಲಿ ವ್ಯಾಪಾರ. ಮಂಜಿಯಲ್ಲಿ (ಹಾಯಿ ಹಡಗಿನಲ್ಲಿ) ಅಕ್ಕಿ, ಹಂಚು, ಬೆಲ್ಲ ತುಂಬಿಸಿ ಈಗಿನ ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನಿಗೆ ಕಳಿಸುವುದು. ವಾಪಸು ಬರುವಾಗ ಕೊಪ್ಪರ, ತೆಂಗಿನ ನಾರಿನ ಹುರಿ. ಅಲ್ಲಿಯವರು ನಮ್ಮ ಈ ಕಡೆಯನ್ನು ಭಾರತ ಅಂತಲೋ ಮಂಗಳೂರು ಅಂತಲೋ ಹೇಳುವುದಕ್ಕಿಂತ ಹೆಚ್ಚು ಕರ ಅಂತಲೇ ಹೇಳುತ್ತಿದ್ದರಂತೆ. "ಕರಕ್ಕೆ ಹೋಗ್ಬೇಕು", ಅಷ್ಟೆ. ಅಲ್ಲಿ ನಿಂತವರಿಗೆ ಜಗತ್ತು ಎರಡೇ: ತಮ್ಮ ದ್ವೀಪ ಮತ್ತು ಕರೆ.

ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಆ ಅಮಿನ್‌ದಿವಿ ದ್ವೀಪಗಳು, ಅಂದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಒಂದು ಕಾಲದಲ್ಲಿ ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು. ಟಿಪ್ಪುವಿನ ಕೈಗೆ ಬಂದಿದ್ದವು, 1799ರಲ್ಲಿ ಅವನು ಸತ್ತ ಮೇಲೆ ಕಂಪೆನಿಗೆ. ಕವರತ್ತಿ, ಮಿನಿಕಾಯ್ ಕಡೆಯವು ಮಲಬಾರ್ ಜಿಲ್ಲೆಗೆ. ಅಮಿನಿಯವರ ಕಾಗದಪತ್ರ ಎಲ್ಲ ಮಂಗಳೂರಿನ ಕಲೆಕ್ಟರ ಕಚೇರಿಯಲ್ಲಿ.

1956 ನವೆಂಬರ್ 1ಕ್ಕೆ ಅವು ಕೇಂದ್ರಾಡಳಿತ ಪ್ರದೇಶವಾದವು. ಲಕ್ಷದ್ವೀಪ ಅಂತ ಹೆಸರು ಬಂದದ್ದು 1973ರಲ್ಲಿ. ಅದೇ ನವೆಂಬರ್ 1ಕ್ಕೆ ಅದೇ ಜಿಲ್ಲೆಯಿಂದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಒಂದೇ ಮನೆಯಿಂದ ಒಂದೇ ದಿನ ಇಬ್ಬರನ್ನು ಎರಡು ಕಡೆಗೆ ಕಳಿಸಿದ ಹಾಗೆ. ಅಜ್ಜ ಇದನ್ನು ತಮಾಷೆಯಾಗಿ ಹೇಳುತ್ತಿದ್ದರು, ನಗುತ್ತಿದ್ದದ್ದು ನಾವು ಮಾತ್ರ.

ಗಡಿನಾಡ ಧ್ವಜ
ಭಾನುವಾರ, ಸಂಜೆ 6:02

ಅದನ್ನೇ ನಾವು ಹೇಳುವುದು! ಮಹಾಜನ ವರದಿ ಬಂದದ್ದು 1967ರಲ್ಲಿ. ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಸ್ಪಷ್ಟ ಬರೆದಿದ್ದಾರೆ. ಎಷ್ಟು ವರ್ಷ ಆಯಿತು? ಯಾರಾದರೂ

ನಿರ್ವಾಹಕ
ಭಾನುವಾರ, ಸಂಜೆ 6:10

ಧ್ವಜಣ್ಣಾ, ಆ ಚರ್ಚೆಗೆ ಬೇರೆ ಎಳೆ ಉಂಟು, ಅದರಲ್ಲಿ ನಿಮ್ಮದೇ ಇನ್ನೂರು ಉತ್ತರ ಉಂಟು. ಮುಂದಿನ ಸಾಲುಗಳನ್ನು ಅಲ್ಲಿಗೆ ಸಾಗಿಸಿದ್ದೇನೆ. ಇಲ್ಲಿ ಮಗುವಿನ ಪ್ರಶ್ನೆ ನಡೆಯಲಿ.

ಕುದ್ರಿನ ಸೊಸೆ
ಭಾನುವಾರ, ರಾತ್ರಿ 8:15

ನಾನು ಯಾವಾಗಲೂ ಓದುವವಳು, ಬರೆಯುವವಳಲ್ಲ. ಇವತ್ತು ಬರೆಯಬೇಕು ಅಂತ ಆಯಿತು. ನನ್ನನ್ನು ಕೊಟ್ಟದ್ದು ಕುದ್ರಿಗೆ. ಹೊಳೆ ಎರಡಾಗಿ ಒಡೆದು ಮತ್ತೆ ಕೂಡುವ ಜಾಗದಲ್ಲಿ ನಮ್ಮ ಮನೆ, ಸುತ್ತ ತೆಂಗು. ಮಾಷ್ಟ್ರು ಹೇಳಿದ ಎರಡು ಕಡೆ ನೀರು ಅಂದರೆ ಇದೇ. ನಾವು ತುಳುವಿನಲ್ಲೂ ಕನ್ನಡದಲ್ಲೂ ಕುದ್ರು ಅಂತಲೇ ಹೇಳುವುದು, ದ್ವೀಪ ಅಂತ ಯಾರೂ ಹೇಳಿದ್ದಿಲ್ಲ. ಮಲಯಾಳದವರು ತುರುತ್ ಅಂತಾರೆ.

ನಮ್ಮಲ್ಲಿ ಪಡುಗಡೆಯ ಕವಲು ಬೇಸಗೆಯಲ್ಲಿ ಬತ್ತುತ್ತದೆ. ಮಾರ್ಚಿಯಿಂದ ದನಗಳು ನಡೆದೇ ಆಚೆ ದಾಟಿ ಹೋಗ್ತವೆ, ಮಕ್ಕಳು ಅಲ್ಲೇ ಕ್ರಿಕೆಟ್ ಆಡ್ತಾರೆ. ಮಳೆಗಾಲದ ಆಟಿ ತಿಂಗಳಲ್ಲಿ ಬೊಳ್ಳ (ನೆರೆ) ಬಂದರೆ ಕಡವಿಗೆ ಇಳಿಯಲಿಕ್ಕೂ ಆಗುವುದಿಲ್ಲ, ದೋಣಿ ಕಟ್ಟಿ ಕೂರುವುದೇ. ಹಾಗಾದರೆ ನಾವು ವರ್ಷಕ್ಕೆ ಎಂಟು ತಿಂಗಳು ದ್ವೀಪದವರು, ನಾಲ್ಕು ತಿಂಗಳು ಖಂಡದವರಾ? ಇನ್ನು ಸಂಕ (ಸೇತುವೆ) ಆಗ್ತದೆ ಅಂತ ಹೇಳ್ತಾ ಇದ್ದಾರೆ. ಆದ ಮೇಲೆ ಎಂತ ಹೇಳುವುದು?

ಒಂದು ಮಾತ್ರ ನನಗೆ ಗೊತ್ತುಂಟು. ರಾತ್ರಿ ಮಗುವಿಗೆ ಜ್ವರ ಬಂದಾಗ ದೋಣಿಯವನನ್ನು ಎಬ್ಬಿಸಬೇಕಾದರೆ ಅದು ಕುದ್ರು.

ಕಲ್ಲು ಕುಟ್ಟುವವಳು
ಭಾನುವಾರ, ರಾತ್ರಿ 10:30

ಅಕ್ಕಾ, ನೀವು ಇನ್ನೂ ಬರೆಯಬೇಕು.

ನಿಮ್ಮ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಉಂಟು, ಕಡಲಿಗೆ ಮಾತ್ರ. 1982ರ ವಿಶ್ವಸಂಸ್ಥೆಯ ಕಡಲ ಕಾನೂನು ಒಪ್ಪಂದದ 121ನೇ ವಿಧಿ ಹೇಳುವುದು ಹೀಗೆ: ತಾನಾಗಿ ಆದ ನೆಲ ಇರಬೇಕು, ಸುತ್ತ ನೀರಿರಬೇಕು, ಉಬ್ಬರದ ಹೊತ್ತಿನಲ್ಲೂ ನೀರಿನ ಮೇಲೆ ಇರಬೇಕು. ಮನುಷ್ಯ ಮಣ್ಣು ಸುರಿದು ಮಾಡಿದ್ದು ದ್ವೀಪ ಅಲ್ಲ. ದುಬೈ ಅಣ್ಣನ ಊರಿನ ತಾಳೆಮರದ ಆಕಾರದ ದ್ವೀಪಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಅದೇ ನ್ಯಾಯದಲ್ಲಿ ಮನುಷ್ಯ ಅಗೆದ ಕಾಲುವೆಯಿಂದ ಹೊಸ ದ್ವೀಪವೂ ಹುಟ್ಟುವುದಿಲ್ಲ ಅಂತ ಇಟ್ಟುಕೊಳ್ಳಬಹುದು. 1869ರಲ್ಲಿ ಸೂಯೆಜ್ ಕಾಲುವೆ ಆದ ಮೇಲೂ ಆಫ್ರಿಕವನ್ನು ಯಾರೂ ದ್ವೀಪ ಅನ್ನಲಿಲ್ಲ. ಸಂಕ ಹಾಕಿದರೆ ದ್ವೀಪತನ ಹೋಗುವುದೂ ಇಲ್ಲ. ಪಾಂಬನ್ ಸೇತುವೆ 1914ರಲ್ಲಿ ಆಯಿತು, ರಾಮೇಶ್ವರ ಈಗಲೂ ದ್ವೀಪವೇ.

ಉಬ್ಬರದ ಷರತ್ತು ಸುಮ್ಮನೆ ಇಟ್ಟದ್ದಲ್ಲ. 1970ರ ಚಂಡಮಾರುತದ ನಂತರ ಬಂಗಾಳ ಕೊಲ್ಲಿಯಲ್ಲಿ ಗಡಿ ಹೊಳೆಯ ಬಾಯಿಯಲ್ಲಿ ಒಂದು ಮಣ್ಣಿನ ದಿಬ್ಬ ಎದ್ದಿತು. ನ್ಯೂ ಮೂರ್ ಅಂತ ನಮ್ಮವರು, ದಕ್ಷಿಣ ತಾಲ್‌ಪಟ್ಟಿ ಅಂತ ಬಾಂಗ್ಲಾದವರು. ಎರಡೂ ದೇಶ ನಮ್ಮದು ನಮ್ಮದು ಅಂತ ದಶಕಗಳ ಕಾಲ ಜಗಳವಾಡಿದವು. 2010ರ ಹೊತ್ತಿಗೆ ನೋಡಿದರೆ ದ್ವೀಪವೇ ಇಲ್ಲ, ಕಡಲು ನುಂಗಿಯಾಗಿದೆ.

ದ್ವೀಪ ಅನ್ನುವ ಒಂದೇ ಹೆಸರಿನಲ್ಲಿ ಎಷ್ಟು ಬೇರೆ ಬೇರೆ ವಸ್ತುಗಳನ್ನು ಕಟ್ಟಿದ್ದೇವೆ ಅಂತ ನೋಡಬೇಕಾದರೆ ನಮ್ಮ ಕರಾವಳಿ ಸಾಕು. ನಿಮ್ಮ ಕುದ್ರು ಹೊಳೆ ತಂದುಹಾಕಿದ ಮಣ್ಣು. ನಮ್ಮ ಜಿಲ್ಲೆಯ ತೆಂಕು ತುದಿಯ ವಲಿಯಪರಂಬ ಕಡಲೂ ಹಿನ್ನೀರೂ ಸೇರಿ ಕಟ್ಟಿದ ಉದ್ದದ ಹೊಯ್ಗೆಯ ಪಟ್ಟಿ. ಲಕ್ಷದ್ವೀಪ ಹವಳದ ಹುಳುಗಳು ಕಟ್ಟಿದ್ದು, ಹವಳದ ಕೆಳಗೆ ಮುಳುಗಿದ ಜ್ವಾಲಾಮುಖಿಯ ಸಾಲು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬ ಕಂಬ ನಿಲ್ಲಿಸಿದ ಹಾಗೆ ಕಲ್ಲುಂಟಲ್ಲ, ಅದು ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ. ಮಡಗಾಸ್ಕರ್ ನಮ್ಮಿಂದ ಹರಿದುಹೋದ ಹೊತ್ತಿನದು.

ಹೌದು, ಮಡಗಾಸ್ಕರ್ ಈ ಕರೆಗೇ ಅಂಟಿಕೊಂಡಿತ್ತು. ಅದು ಬಿಟ್ಟುಹೋದ ಮೇಲೆ ಭಾರತ ಉತ್ತರಕ್ಕೆ ಹೊರಟಿತು. ದಾರಿಯಲ್ಲಿ ಸೇಶೆಲ್ಸನ್ನು ಉದುರಿಸಿತು. ಸುಮಾರು 5 ಕೋಟಿ ವರ್ಷದ ಹಿಂದೆ ಏಷ್ಯಾಕ್ಕೆ ಹೋಗಿ ಗುದ್ದಿತು. ನಡುವಿನ ಅಷ್ಟು ಕಾಲ ನಾವು ಸುತ್ತ ನೀರಿದ್ದ ನೆಲ. ಮಾರ್ಟಿಮರ್ ತಂಡದ ಅದೇ ಪ್ರಬಂಧದಲ್ಲಿ ಒಂದು ಸಾಲುಂಟು: ನಮ್ಮ ಅಳತೆಯ ಪ್ರಕಾರ ಏಷ್ಯಾಕ್ಕೆ ತಾಗುವ ಮೊದಲು ಭಾರತವೂ ಖಂಡವೇ ಆಗಿತ್ತು ಅನ್ನುವ ಅರ್ಥದ್ದು. ತಾಗಿದ ಮೇಲೆ ಉಪಖಂಡ ಅಂತ ಕೆಳಗಿನ ದರ್ಜೆಗೆ ಇಳಿಸಿಬಿಟ್ಟರು!

ಉಪ್ಪಳ ಟು ದುಬೈ
ಭಾನುವಾರ, ರಾತ್ರಿ 11:15

ಫಲಕದ ಮಾತು ವಾಪಸು ತಗೊಂಡೆ ಅಕ್ಕ. ಸೇಶೆಲ್ಸ್ ಅಂದದ್ದಕ್ಕೆ ಹೇಳ್ತೇನೆ, ನನ್ನ ರೂಮಿನವ ಅಲ್ಲಿಯ ಹೋಟೆಲಲ್ಲಿ ಎರಡು ವರ್ಷ ಇದ್ದ. ಕಡಲ ಬದಿಯಲ್ಲಿ ಆನೆಯಷ್ಟು ದೊಡ್ಡ ಬಂಡೆಗಳ ಫೋಟೋ ಕಳಿಸ್ತಿದ್ದ. ನಮ್ಮೂರಿನ ಗುಡ್ಡದ ಕಲ್ಲಿನ ಹಾಗೇ ಉಂಟಲ್ಲ ಮಾರಾಯ ಅಂತ ನಾನು ಹೇಳಿದ್ದೆ. ನಿಜವಾ?

ಕಲ್ಲು ಕುಟ್ಟುವವಳು
ಭಾನುವಾರ, ರಾತ್ರಿ 11:28

ಅದು ಗ್ರಾನೈಟು, ಸುಮಾರು 75 ಕೋಟಿ ವರ್ಷದ್ದು. ಮಹಾಸಾಗರದ ನಡುವಿನ ದ್ವೀಪಗಳು ಹೆಚ್ಚಾಗಿ ಲಾವಾ ಅಥವಾ ಹವಳ, ಅಲ್ಲಿ ಗ್ರಾನೈಟು ಸಿಗುವುದು ತೀರಾ ಅಪರೂಪ. ಗಾತ್ರ ನೋಡಿದರೆ ದ್ವೀಪ, ಕಲ್ಲು ನೋಡಿದರೆ ಖಂಡದ ಚೂರು. ಭಟ್ರ ಬೆಲ್ಲದ ಖಂಡ ಇಲ್ಲಿ ಸರಿ ಹೊಂದುತ್ತದೆ.

ಬೋರಿನ ಬಾಬು
ಸೋಮವಾರ, ಬೆಳಿಗ್ಗೆ 6:10

ಮೊಮ್ಮಗನತ್ರ ಒಂದು ಪ್ರಶ್ನೆ. ಅಮಿನಿಯಲ್ಲಿ ಹೊಳೆ ಇಲ್ಲ, ಗುಡ್ಡ ಇಲ್ಲ. ನೀರಿಗೆ ಸುರಂಗ ತೋಡ್ಲಿಕ್ಕೆ ನಮ್ಮ ಹಾಗೆ ಕೆಂಪುಕಲ್ಲಿನ ಬರೆ ಇಲ್ಲ. ಕುಡಿಲಿಕ್ಕೆ ನೀರು ಎಲ್ಲಿಂದ? ಬೋರ್ ಹಾಕ್ತಾರಾ?

ಬಂದರಿನ ಮೊಮ್ಮಗ
ಸೋಮವಾರ, ಬೆಳಿಗ್ಗೆ 8:40

ಬೋರ್ ಹಾಕಿದರೆ ಕೆಟ್ಟಿರಿ ಬಾಬಣ್ಣ, ಉಪ್ಪೇ ಬರುವುದು. ದೊಡ್ಡಿಚ್ಚ ಅಲ್ಲಿಗೆ ತುಂಬ ಸಲ ಹೋದವರು, ಈಗ ಫೋನ್ ಮಾಡಿ ಕೇಳಿದೆ. ಬಾವಿ ಅಂದರೆ ಆಳೆತ್ತರ ಕೂಡ ಬೇಡವಂತೆ, ಅಷ್ಟರಲ್ಲೇ ಸಿಹಿನೀರು. ಮಳೆನೀರು ಹವಳದ ಹೊಯ್ಗೆಯಲ್ಲಿ ಇಂಗಿ, ಅಡಿಯ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡು ನಿಂತಿರುತ್ತದೆ. ಸಿಹಿನೀರು ಹಗುರ ಅಲ್ವಾ. ಕೊಡಪಾನದಲ್ಲಿ ಮೊಗೆದರೆ ಏನೂ ಆಗುವುದಿಲ್ಲ. ಪಂಪು ಇಟ್ಟು ಎಳೆದರೆ ಅಡಿಯ ಉಪ್ಪು ಮೇಲೆ ಬರುತ್ತದೆ. ಈಗ ಕಡಲ ನೀರನ್ನೇ ಸಿಹಿ ಮಾಡುವ ಘಟಕಗಳೂ ಉಂಟು.

ಕಲ್ಲು ಕುಟ್ಟುವವಳು
ಸೋಮವಾರ, ಬೆಳಿಗ್ಗೆ 9:00

ಇದಕ್ಕೆ ಒಂದು ಲೆಕ್ಕ ಉಂಟು. ಕಡಲ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರಬಹುದು. ಮೇಲಿನ ಒಂದಡಿ ಎಳೆದುಬಿಟ್ಟರೆ ಕೆಳಗಿನ ನಲವತ್ತೂ ಹೋಗುತ್ತದೆ. ಮೊಗ್ರಾಲು, ಕುಂಬಳೆಯ ಕಡಲ ಬದಿಯಲ್ಲಿ ಮನೆ ಇದ್ದವರು ಲಕ್ಷದ್ವೀಪಕ್ಕೆ ಮಾತ್ರ ಅಂತ ಸುಮ್ಮನಿರಬೇಡಿ. ಹೊಯ್ಗೆ ನೆಲದ ಬಾವಿಗೆ ದೊಡ್ಡ ಪಂಪು ಇಡುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ಪೆರ್ಡಾಲದ ಅಪ್ಪ
ಸೋಮವಾರ, ರಾತ್ರಿ 8:30

ಮಗಳು ನಿಮ್ಮದೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಟೀಚರಿಗೆ ತೋರಿಸಿದಳಂತೆ. ಪರೀಕ್ಷೆಗೆ ಮಾತ್ರ "ಆಸ್ಟ್ರೇಲಿಯ ಅತಿ ಚಿಕ್ಕ ಖಂಡ, ಗ್ರೀನ್‌ಲ್ಯಾಂಡ್ ಅತಿ ದೊಡ್ಡ ದ್ವೀಪ" ಅಂತ ಬರೆ, ಹೆಚ್ಚು ಬರೆದರೆ ಮೌಲ್ಯಮಾಪನ ಮಾಡುವವರಿಗೆ ತಲೆಬಿಸಿ ಅಂದರಂತೆ. ಹಾಗೆ ಹೇಳಿದವರೇ ಶುಕ್ರವಾರ ಕೊನೆಯ ಪೀರಿಯಡ್ ಇವಳಿಗೆ ಬಿಟ್ಟುಕೊಟ್ಟಿದ್ದಾರೆ, ಎಲ್ಲರಿಗೂ ಹೇಳಲಿಕ್ಕೆ. ಒಳ್ಳೆಯ ಟೀಚರ್.

ಈಗ ಇವಳಿಗೆ ಕಲ್ಲು ಬೇಕಂತೆ. ಕೆಂಪುಕಲ್ಲು ನಮ್ಮ ಅಂಗಳದಲ್ಲೇ ಉಂಟು. ಬಾಬಣ್ಣ, ಕರಿಕಲ್ಲಿನ ಒಂದು ಮುಷ್ಟಿ ಪುಡಿ ಸಿಗಬಹುದಾ? ಮೊಮ್ಮಗ, ನಿಮ್ಮಲ್ಲಿ ಹವಳದ ತುಂಡು ಏನಾದರೂ?

ಬೋರಿನ ಬಾಬು
ಸೋಮವಾರ, ರಾತ್ರಿ 8:41

ಪುಡಿ ಎಂತಕ್ಕೆ, ತುಂಡೇ ಉಂಟು. ಬುಧವಾರ ನೀರ್ಚಾಲಿಗೆ ಬರ್ಲಿಕ್ಕುಂಟು, ಕೊಟ್ಟು ಹೋಗ್ತೇನೆ.

ಕಲ್ಲು ಕುಟ್ಟುವವಳು
ಸೋಮವಾರ, ರಾತ್ರಿ 9:02

ಹವಳ ಬೇಡ ಅಣ್ಣ. ಅದು ವನ್ಯಜೀವಿ ಕಾಯ್ದೆಯಡಿ ಸಂರಕ್ಷಿತ, ಶಾಲೆಗೆ ತಂದರೂ ತಕರಾರು. ಫೋಟೋ ಸಾಕು.

ಬದಲಿಗೆ ಒಂದು ಹೇಳುತ್ತೇನೆ. ಭಟ್ರ ದೇವರ ಕೋಣೆಯಲ್ಲಿ ಸಾಲಿಗ್ರಾಮ ಇದ್ದೇ ಇರುತ್ತದೆ. ನೇಪಾಳದ ಗಂಡಕಿಯಲ್ಲಿ ಸಿಗುವ ಚಕ್ರದ ಗುರುತಿನ ಸಾಲಿಗ್ರಾಮ ಅಂದರೆ ಅಮ್ಮೊನೈಟ್ ಎಂಬ ಕಡಲ ಜೀವಿಯ ಪಳೆಯುಳಿಕೆ. ಸುಮಾರು 15 ಕೋಟಿ ವರ್ಷದ ಹಿಂದಿನದು. ಭಾರತಕ್ಕೂ ಏಷ್ಯಾಕ್ಕೂ ನಡುವೆ ಟೆಥಿಸ್ ಅನ್ನುವ ಕಡಲಿತ್ತು, ಅದರಲ್ಲಿ ಈಜಾಡಿದ್ದು. ಭಾರತ ಹೋಗಿ ಗುದ್ದಿದಾಗ ಆ ಕಡಲ ತಳವೇ ಎದ್ದು ಹಿಮಾಲಯದಲ್ಲಿ ಸೇರಿತು. ನಮ್ಮ ಬಡಗು ಕಡೆ ಕಡಲಿತ್ತು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬದಿಯಡ್ಕದಲ್ಲಿ ಸಿಗಲಿಕ್ಕಿಲ್ಲ.

ಕುಂಬ್ಳೆ ಸೀಮೆ ಭಟ್ರು
ಮಂಗಳವಾರ, ಬೆಳಿಗ್ಗೆ 5:50

ಎರಡುಂಟು. ಒಂದರಲ್ಲಿ ಚಕ್ರ ಸ್ಪಷ್ಟ ಕಾಣುತ್ತದೆ. ಶಾಲೆಗೆ ಕಳಿಸಲಿಕ್ಕೆ ಆಗುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಮಗಳನ್ನು ಕರೆದುಕೊಂಡು ನಮ್ಮಲ್ಲಿಗೇ ಬನ್ನಿ. ಗುರುವಾರ ರಜೆ ಅಲ್ಲವಾ? ಪೂಜೆ ಮುಗಿಯುವಾಗ ಹತ್ತೂವರೆ ಆಗುತ್ತದೆ, ಆಮೇಲೆ ತೋರಿಸುತ್ತೇನೆ. ಆ ಕಲ್ಲಿನ ಅಕ್ಕ ಊರಲ್ಲಿದ್ದರೆ ಅವರೂ ಬರಲಿ, ನನಗೂ ಎರಡು ಪ್ರಶ್ನೆ ಉಂಟು. ಊಟ ಮಾಡಿಕೊಂಡೇ ಹೋಗಬೇಕು.